ಕಾಕ್ ಬೀಳುವ ಮುಂಚೆ ಕೈ ಎತ್ತಿ

ಪ್ರಶ್ನೆ: ನಾವು ಎಂಟು ಜನ ದಾವಣಗೆರೆಯಲ್ಲಿ ದಿನಾ ಬೆಳಗ್ಗೆ ಆರರಿಂದ ಏಳರವರೆಗೆ ಒಂದು ಕೋರ್ಟ್ ಬಾಡಿಗೆಗೆ ತಗೊಂಡು ಶಟಲ್ ಆಡುತ್ತೇವೆ. ಹೋದ ವಾರ ಡಬಲ್ಸ್‌ನಲ್ಲಿ ಸ್ಕೋರ್ 19-19 ಇದ್ದಾಗ ಪಕ್ಕದ ಕೋರ್ಟಿನ ಕಾಕ್ ಉರುಳಿಕೊಂಡು ನಮ್ಮ ಕಡೆ ಬಂತು. ನಾನು ನೋಡಿದೆ, ಆದರೂ ಆಡಿದೆ. ಎರಡು ಹೊಡೆತ ಆದಮೇಲೆ, ನೆಟ್ ಆಚೆ ಹತ್ತಿರದಲ್ಲೇ ಬೀಳಲೆಂದು ಮೆಲ್ಲಗೆ ಹೊಡೆದ ನನ್ನ ಡ್ರಾಪ್ ನೆಟ್‌ಗೆ ಸಿಕ್ಕಿಕೊಂಡಿತು. ಆಗ 'ಲೆಟ್', ಅಂದರೆ ಈ ಪಾಯಿಂಟ್ ಮತ್ತೆ ಆಡೋಣ, ಅಂದೆ. ಎದುರಿಗಿದ್ದ ಮೇಷ್ಟ್ರು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಅವರು ಬ್ಯಾಗ್ ಎತ್ತಿಕೊಂಡು ಹೋದವರು ಇನ್ನೂ ಬಂದಿಲ್ಲ. ಅವರು ಗೆರೆ ಹತ್ತಿರ ಬಿದ್ದದ್ದನ್ನೆಲ್ಲ ಔಟ್ ಅನ್ನುತ್ತಾರೆ ಎಂಬ ಬೇಜಾರು ನಮಗೆ ಮೊದಲಿಂದಲೂ ಇದೆ. ಇನ್ನೊಬ್ಬರು ನಾವು ಸ್ಮ್ಯಾಶ್ ಹೊಡೆಯುವ ಹೊತ್ತಿಗೆ ಸರಿಯಾಗಿ 'ಏಯ್' ಅಂತ ಕೂಗುತ್ತಾರೆ. ಅಂಪೈರ್ ಇಲ್ಲದ ಆಟದಲ್ಲಿ ಇದನ್ನೆಲ್ಲ ಹೇಗೆ ಬಗೆಹರಿಸಿಕೊಳ್ಳುವುದು?

ಉತ್ತರ: ಮೊದಲು 19-19ರ ವಿಷಯ ಮುಗಿಸಿಬಿಡೋಣ. ಆ ಪಾಯಿಂಟ್ ಮೇಷ್ಟ್ರದು. ನಿಮಗೆ ಬೇಸರ ಆಗಬಹುದು. ಆದರೆ ಸುತ್ತಿ ಬಳಸಿ ಹೇಳುವುದಕ್ಕಿಂತ ನೇರವಾಗಿ ಹೇಳುವುದೇ ಮೇಲು.

ಪಕ್ಕದ ಕೋರ್ಟಿನಿಂದ ಕಾಕ್ ಬಂದರೆ ಆಟ ನಿಲ್ಲಿಸಿ ಆ ಪಾಯಿಂಟನ್ನು ಮತ್ತೆ ಆಡಬಹುದು, ಅದು ನಿಜ. ಅನಿರೀಕ್ಷಿತವಾಗಿ ಅಥವಾ ಆಕಸ್ಮಿಕವಾಗಿ ಏನಾದರೂ ಅಡ್ಡ ಬಂದರೆ ಲೆಟ್ ಎಂದು ನಿಯಮವೇ ಹೇಳುತ್ತದೆ. ಅಂಪೈರ್ ಇಲ್ಲದಿದ್ದರೆ ಆಟಗಾರರೇ ಲೆಟ್ ಹೇಳಬಹುದು ಎಂದೂ ಇದೆ. ಆದರೆ ಕಾಕ್ ಒಳಗೆ ಬಂದ ಮಾತ್ರಕ್ಕೆ ತಾನಾಗಿಯೇ ಲೆಟ್ ಆಗುವುದಿಲ್ಲ. ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ತನ್ನ ಅಂಪೈರ್‌ಗಳಿಗೆ ಕೊಟ್ಟಿರುವ ಸೂಚನೆಯಲ್ಲಿ ಈ ವಿಷಯ ಬಿಡಿಸಿ ಬರೆದಿದೆ. ಹೊರಗಿನ ಕಾಕ್ ಬಂದದ್ದು ಆಟಗಾರರ ಗಮನಕ್ಕೇ ಬರದಿದ್ದರೆ, ಅಥವಾ ಅದರಿಂದ ಅವರ ಆಟಕ್ಕೆ ತೊಂದರೆ ಆಗದಿದ್ದರೆ, ಲೆಟ್ ಕೊಡಬಾರದು.

ನಿಮ್ಮ ಗಮನಕ್ಕೆ ಬಂತು. ಬಂದಮೇಲೂ ನೀವು ಆಡಿದಿರಿ. ಒಂದಲ್ಲ, ಎರಡು ಹೊಡೆತ ಹೊಡೆದಿರಿ. ಹಾಗೆ ಆಡಿದ್ದರ ಅರ್ಥ 'ಪರವಾಗಿಲ್ಲ, ಮುಂದುವರಿಯಲಿ' ಎಂದೇ. ಈಗ ಒಂದು ಮಾತು ಕೇಳುತ್ತೇನೆ. ಆ ಡ್ರಾಪ್ ನೆಟ್‌ಗೆ ಸಿಗದೆ ಆಚೆ ಬಿದ್ದು ನಿಮಗೆ ಪಾಯಿಂಟ್ ಬಂದಿದ್ದರೆ ನೀವು ಲೆಟ್ ಕೇಳುತ್ತಿದ್ದಿರಾ? ಇಲ್ಲ ಅಲ್ವಾ. ಮೇಷ್ಟ್ರಿಗೆ ಸಿಟ್ಟು ಬಂದದ್ದು ಅದಕ್ಕೇ ಅಂತ ನನಗೆ ಅನ್ನಿಸುತ್ತದೆ. ಕಾಕ್ ಬಂದಿತ್ತು ಎನ್ನುವುದನ್ನು ಅವರೂ ಅಲ್ಲಗಳೆದಿರಲಿಕ್ಕಿಲ್ಲ. ಗೆದ್ದರೆ ನನಗೆ, ಸೋತರೆ ಲೆಟ್ ಎನ್ನುವ ಲೆಕ್ಕ ಅವರಿಗೆ ಹಿಡಿಸಲಿಲ್ಲ. ನಿಮ್ಮ ಮನಸ್ಸಿನಲ್ಲಿ ಆ ಲೆಕ್ಕ ಇರಲಿಲ್ಲ ಎಂದು ನಾನು ನಂಬುತ್ತೇನೆ. ಆದರೆ ಎದುರಿನವರಿಗೆ ಮನಸ್ಸು ಕಾಣುವುದಿಲ್ಲ, ಹೊತ್ತು ಮಾತ್ರ ಕಾಣುತ್ತದೆ.

ಹಲವು ವರ್ಷ ಮಕ್ಕಳಿಗೆ ಶಟಲ್ ಹೇಳಿಕೊಟ್ಟಿದ್ದೇನೆ, ಊರಿನ ಟೂರ್ನಮೆಂಟ್‌ಗಳಲ್ಲಿ ಅಂಪೈರ್ ಕುರ್ಚಿಯಲ್ಲೂ ಕೂತಿದ್ದೇನೆ. ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲು ಪಾಲು ನಿಯಮ ಗೊತ್ತಿಲ್ಲದೆ ಆದದ್ದಲ್ಲ. ಸರಿಯಾದ ಮಾತನ್ನೇ ತಡವಾಗಿ ಹೇಳಿ ಆದದ್ದು. ರ್ಯಾಲಿ ನಡೆಯುತ್ತಿರುವಾಗಲೇ, ಅಂದರೆ ಕಾಕ್ ಇನ್ನೂ ಅತ್ತಿತ್ತ ಹೋಗುತ್ತಿರುವಾಗಲೇ, 'ಲೆಟ್' ಅಂದರೆ ಎಲ್ಲರೂ ನಂಬುತ್ತಾರೆ, ಏಕೆಂದರೆ ಆಗ ಯಾರು ಗೆಲ್ಲುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅದೇ ಮಾತನ್ನು ಪಾಯಿಂಟ್ ಹೋದಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಕೇಳಿಸುತ್ತದೆ. ಹೊಡೆತ ಕೆಟ್ಟಮೇಲೆ ಬರುವ ಲೆಟ್ ಲೆಟ್ ಅಲ್ಲ. ನಿಮ್ಮ ಗುಂಪು ಒಂದೇ ಒಂದು ಒಪ್ಪಂದ ಮಾಡಿಕೊಳ್ಳುವುದಾದರೆ ಇದನ್ನೇ ಮಾಡಿಕೊಳ್ಳಲಿ.

ಹಾಗಂತ ಪಾಯಿಂಟ್ ಆಸೆಗೆ ಆಡುತ್ತಲೇ ಇರಬೇಡಿ. ಕಾಕ್ ಕಾಲ ಹತ್ತಿರ ಬಂದರೆ ತಕ್ಷಣ ನಿಲ್ಲಿಸಿ. ಬುಡದ ಕಾರ್ಕ್ ಗುಂಡಗಿರುತ್ತದೆ, ಅದರ ಮೇಲೆ ಹಿಮ್ಮಡಿ ಬಿದ್ದರೆ ಪಾದ ಹೊರಳುತ್ತದೆ. ಹಿಂದಕ್ಕೆ ಓಡುವಾಗ ಇದು ಇನ್ನೂ ಅಪಾಯ. ನಿಮ್ಮ ಬೆನ್ನ ಹಿಂದೆ ಉರುಳಿ ಬಂದ ಕಾಕ್ ನಿಮಗೆ ಕಾಣುವುದಿಲ್ಲ, ಎದುರಿನವರಿಗೆ ಕಾಣುತ್ತದೆ. ಹಾಗಾಗಿ ಯಾರ ಕಣ್ಣಿಗೆ ಬೀಳುತ್ತದೋ ಅವರು ಹೇಳಬೇಕು. ತಮಗೆ ಸುಲಭದ ಸ್ಮ್ಯಾಶ್ ಸಿಕ್ಕಿರುವಾಗಲೂ ರ್‍ಯಾಕೆಟ್ ಇಳಿಸಿ, "ನಿಮ್ಮ ಹಿಂದೆ ಕಾಕ್ ಇದೆ" ಎನ್ನುವ ಎದುರಾಳಿ ಸಿಕ್ಕರೆ ಅವರ ಜೊತೆ ಆಡುವುದೇ ಒಂದು ಖುಷಿ.

ಕೂಗಿದರೆ ಮಾತ್ರ ಸಾಲದು, ಕೈಯನ್ನೂ ಎತ್ತಿ. ಬೆಳಗಿನ ಹೊತ್ತು ನಾಲ್ಕಾರು ಕೋರ್ಟ್‌ಗಳ ಸದ್ದು ಒಂದೇ ಶೆಡ್ಡಿನೊಳಗೆ ಗುಂಯ್‌ಗುಡುತ್ತಿರುತ್ತದೆ. ತಗಡಿನ ಚಾವಣಿ ಅದನ್ನು ಇನ್ನಷ್ಟು ಜಾಸ್ತಿ ಮಾಡುತ್ತದೆ. 'ಲೆಟ್' ಅಂದದ್ದು ಅರ್ಧಕ್ಕರ್ಧ ಕೇಳಿಸುವುದೇ ಇಲ್ಲ. ಎತ್ತಿದ ಕೈ ಎಲ್ಲರಿಗೂ ಕಾಣುತ್ತದೆ.

ಇನ್ನು ಬೇರೆ ಬೇರೆ ಅಡ್ಡಿಗಳ ಮಾತು. ಇಲ್ಲಿ ನೋಡಬೇಕಾದ್ದು ಅಡ್ಡಿ ಎಲ್ಲಿಂದ ಬಂತು ಎಂದು. ಹೊರಗಿನಿಂದ, ಯಾರ ಕೈಯಲ್ಲೂ ಇಲ್ಲದ ಹಾಗೆ ಬಂದರೆ ಲೆಟ್. ಕರೆಂಟ್ ಹೋಯಿತು, ಲೆಟ್. ಮುಂದಿನ ಬ್ಯಾಚಿನವರು ಸಮಯ ಆಯಿತೆಂದು ಕೋರ್ಟಿನೊಳಗೆ ಕಾಲಿಟ್ಟರು, ಲೆಟ್. ಚಿಕ್ಕ ಮಗು ಅಪ್ಪನ ಹತ್ತಿರ ಓಡಿ ಬಂತು, ಲೆಟ್. ಇದರಲ್ಲಿ ವಾದ ಮಾಡುವುದಕ್ಕೆ ಏನೂ ಇಲ್ಲ. ಕಾಕ್ ಹೊಡೆದಾಗ ಕಾರ್ಕ್ ಒಂದು ಕಡೆ, ಗರಿಗಳೆಲ್ಲ ಒಂದು ಕಡೆ ಪೂರ್ತಿ ಬೇರೆಯಾದರೂ ಲೆಟ್. ಒಂದೆರಡು ಗರಿ ಮುರಿದರೆ ಅಲ್ಲ, ಆಟ ಮುಂದುವರಿಯುತ್ತದೆ.

ನಮ್ಮದೇ ಅಡ್ಡಿ ಆದರೆ ಬೇರೆ ಮಾತು. ನಿಮ್ಮ ಶೂ ಲೇಸ್ ಬಿಚ್ಚಿತು, ನಿಮ್ಮ ಕನ್ನಡಕ ಬೆವರಿಗೆ ಜಾರಿತು, ನಿಮ್ಮ ಬ್ಯಾಗಿನಲ್ಲಿದ್ದ ಮೊಬೈಲ್ ಹೊಡೆದುಕೊಂಡಿತು, ನಿಮ್ಮ ರ್‍ಯಾಕೆಟ್ ತಂತಿ ಕಡಿಯಿತು. ಇದಕ್ಕೆಲ್ಲ ಲೆಟ್ ಕೇಳಬಾರದು. ರ್ಯಾಲಿ ಮುಗಿಸಿ, ಆಮೇಲೆ ಸರಿ ಮಾಡಿಕೊಳ್ಳಿ. ನಿಮ್ಮ ಮೊಬೈಲ್ ಸದ್ದಿಗೆ ಎದುರಿನವರ ಹೊಡೆತ ತಪ್ಪಿದರೆ ಮಾತ್ರ ನೀವೇ ಮುಂದಾಗಿ "ಮತ್ತೆ ಆಡೋಣ" ಅನ್ನಿ. ಅವರು ಕೇಳುವ ತನಕ ಕಾಯಬೇಡಿ. ಯಾರಾದರೂ ಬಿದ್ದು ಪೆಟ್ಟಾದರೆ ಪಾಯಿಂಟ್ ಯಾರದು ಎಂದು ಆ ಗಳಿಗೆಯಲ್ಲಿ ಯೋಚನೆಯನ್ನೇ ಮಾಡಬಾರದು. ಎದ್ದು ಕೂತು ನೀರು ಕುಡಿದಮೇಲೆ ಮಾತಾಡಿದರಾಯಿತು.

ಲೈಟು ಕಣ್ಣಿಗೆ ಹೊಡೆಯುತ್ತದೆ, ಫ್ಯಾನಿನ ಗಾಳಿಗೆ ಕಾಕ್ ಓಲಾಡುತ್ತದೆ ಎಂಬ ದೂರುಗಳು ಬರುತ್ತವೆ. ಅದು ಆ ಜಾಗದ ಗುಣ, ಆ ಕಡೆ ಆಡಿದರೆ ಅವರಿಗೂ ಅಷ್ಟೇ. ಒಂದೇ ಗೇಮ್ ಆಡುವವರು 11 ಪಾಯಿಂಟ್ ಆದಾಗ ಕಡೆ ಬದಲಿಸಿಕೊಳ್ಳಿ. ಇಬ್ಬರಿಗೂ ಸಮಾ ಆಗುತ್ತದೆ.

ಈಗ ಆ 'ಏಯ್' ಕೂಗುವವರು. ನಿಯಮ ಇಲ್ಲಿ ತುಂಬ ಸ್ಪಷ್ಟ. ಎದುರಾಳಿಯ ಗಮನ ಕೆಡಿಸಲೆಂದೇ ಕೂಗುವುದು, ಕೈಬಾಯಿ ಆಡಿಸುವುದು ಫಾಲ್ಟ್. ಅಂದರೆ ಲೆಟ್ ಕೂಡ ಅಲ್ಲ, ಪಾಯಿಂಟೇ ಎದುರಿನವರಿಗೆ. ಆದರೆ 'ಬೇಕೆಂದೇ' ಎನ್ನುವುದೇ ಇಲ್ಲಿ ಮುಖ್ಯ. ಕೆಲವರಿಗೆ ಸ್ಮ್ಯಾಶ್ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಬಾಯಿಂದ ತಾನಾಗಿಯೇ ಸದ್ದು ಹೊರಡುತ್ತದೆ. ಬೈಕ್ ಅಡ್ಡ ಬಂದಾಗ 'ಅಯ್ಯೋ' ಅನ್ನುತ್ತೇವಲ್ಲ, ಹಾಗೆ. ಅವರಿಗೆ ತಾವು ಕೂಗುತ್ತಿದ್ದೇವೆ ಎನ್ನುವುದೇ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲನೇ ಸಲ ಫಾಲ್ಟ್ ಅನ್ನಬೇಡಿ. ಗೇಮ್ ಮುಗಿದು ನೀರು ಕುಡಿಯುವಾಗ, ನಾಲ್ಕು ಜನರ ಮುಂದೆ ಅಲ್ಲ, ಪಕ್ಕಕ್ಕೆ ಕರೆದು ಹೇಳಿ. "ನಾನು ಹೊಡೆಯುವಾಗ ನೀವು ಕೂಗುತ್ತೀರಿ, ನನಗೆ ಗಮನ ತಪ್ಪುತ್ತದೆ" ಅಂದರೆ ಸಾಕು. ನೀವು ಬೇಕಂತಲೇ ಮಾಡುತ್ತೀರಿ ಎಂಬ ಮಾತು ಸೇರಿಸಬೇಡಿ. ಹೇಳಿದಮೇಲೆ ಹೆಚ್ಚಿನವರು ಬಿಡುತ್ತಾರೆ. ಹೇಳಿದಮೇಲೂ ಅದೇ ಹೊತ್ತಿಗೆ ಸರಿಯಾಗಿ ಕೂಗಿದರೆ ಅದು ಬೇಕೆಂದೇ ಮಾಡಿದ್ದು. ಆಗ ಫಾಲ್ಟ್ ಅನ್ನುವ ಹಕ್ಕು ನಿಮಗಿದೆ, ಹಿಂಜರಿಯಬೇಡಿ.

ಡಬಲ್ಸ್‌ನಲ್ಲಿ ಪಾರ್ಟ್ನರ್ ಜೊತೆ ಮಾತಾಡುವುದು ತಪ್ಪಲ್ಲ. 'ನಂದು', 'ನಿಮ್ದು', 'ಬಿಡಿ', 'ಹಿಂದೆ ಹೋಗಿ' ಇವೆಲ್ಲ ಆಟದ ಮಾತೇ. ಎದುರಿನವರು ಹೊಡೆಯುವಾಗ 'ಫಾಲ್ಟ್' ಎಂದೋ 'ನೋ ಶಾಟ್' ಎಂದೋ ಕೂಗಿದರೆ ಮಾತ್ರ ಅದನ್ನು ಗಮನ ಕೆಡಿಸಿದ ಹಾಗೆಯೇ ಲೆಕ್ಕ ಹಿಡಿಯಬೇಕು.

ಇದರಲ್ಲೇ ಇನ್ನೊಂದು ಗೊಂದಲ ಇದೆ, ನಿಮ್ಮ ಕೋರ್ಟಿನಲ್ಲೂ ಆಗಿರುತ್ತದೆ. ಕಾಕ್ ಇನ್ನೂ ಗಾಳಿಯಲ್ಲಿ ಇರುವಾಗಲೇ ಮುಂದಿದ್ದವರು ಪಾರ್ಟ್ನರ್‌ಗೆ 'ಔಟ್, ಔಟ್' ಅನ್ನುತ್ತಾರೆ. ಹಿಂದಿದ್ದವರು ಆದರೂ ಹೊಡೆದುಬಿಡುತ್ತಾರೆ. ಎದುರಿನವರು ಔಟ್ ಎಂದು ಕೇಳಿ ರ್‍ಯಾಕೆಟ್ ಇಳಿಸಿರುತ್ತಾರೆ. ಆಮೇಲೆ ಶುರು. ನೀವೇ ಔಟ್ ಅಂದಿರಿ, ಅದು ಪಾರ್ಟ್ನರ್‌ಗೆ ಹೇಳಿದ್ದು, ಹೀಗೆ. ಇದಕ್ಕೆ ಸುಲಭದ ದಾರಿ ನಮ್ಮ ಭಾಷೆಯಲ್ಲೇ ಇದೆ. ಕಾಕ್ ಗಾಳಿಯಲ್ಲಿದ್ದಾಗ 'ಬಿಡಿ' ಅನ್ನಿ. ನೆಲಕ್ಕೆ ಬಿದ್ದಮೇಲೆ 'ಔಟ್' ಅನ್ನಿ. 'ಬಿಡಿ' ಅಂದರೆ ಸಲಹೆ, 'ಔಟ್' ಅಂದರೆ ತೀರ್ಪು. ನನ್ನ ಬ್ಯಾಚಿನ ಮಕ್ಕಳಿಗೆ ಇದನ್ನು ಮೊದಲ ವಾರದಲ್ಲೇ ಅಭ್ಯಾಸ ಮಾಡಿಸುತ್ತೇನೆ.

ಸರ್ವ್ ಮಾಡುವಾಗಲೂ ಹೊತ್ತಿನ ಪ್ರಶ್ನೆಯೇ. ತಗೊಳ್ಳುವವರು ಸಿದ್ಧ ಇಲ್ಲದಾಗ ಸರ್ವ್ ಮಾಡಿದರೆ ಲೆಟ್. ಆದರೆ ಅವರು ಅದನ್ನು ಹೊಡೆಯಲು ಹೋದರೋ, ಸಿದ್ಧ ಇದ್ದರು ಎಂದೇ ಅರ್ಥ. ಹೊಡೆದು ನೆಟ್‌ಗೆ ಹಾಕಿ "ನಾನಿನ್ನೂ ರೆಡಿ ಇರಲಿಲ್ಲ" ಅನ್ನುವಂತಿಲ್ಲ. ಸಿದ್ಧ ಇಲ್ಲದಿದ್ದರೆ ಎಡಗೈ ಎತ್ತಿ ನಿಲ್ಲಿ. ಸರ್ವ್ ಬಂದುಬಿಟ್ಟರೆ ರ್‍ಯಾಕೆಟ್ ಅಲುಗಿಸದೆ ಬಿಟ್ಟುಬಿಡಿ.

ಈಗ ಗೆರೆಯ ಜಗಳಕ್ಕೆ ಬರೋಣ. ಮನಸ್ಸು ಹೆಚ್ಚು ಕೆಡಿಸುವುದು ಇದೇ.

ಅಂಪೈರ್, ಲೈನ್ ಜಡ್ಜ್ ಇಲ್ಲದ ಕಡೆ ಎಲ್ಲರೂ ಪಾಲಿಸುವ ರೂಢಿ ಒಂದಿದೆ. ಕಾಕ್ ಯಾರ ಕಡೆ ಬಿತ್ತೋ ಅವರೇ ಹೇಳಬೇಕು. ಇದಕ್ಕೆ ಕಾರಣ ಬರೀ ಮರ್ಯಾದೆ ಅಲ್ಲ, ದೂರ. ಕೋರ್ಟ್ 13.4 ಮೀಟರ್ ಉದ್ದ. ನಿಮ್ಮ ಹಿಂದಿನ ಗೆರೆಯಲ್ಲಿ ನಿಂತು ಅವರ ಹಿಂದಿನ ಗೆರೆ ನೋಡಬೇಕಾದರೆ ನಡುವೆ ಒಂದೂವರೆ ಮೀಟರ್ ಎತ್ತರದ ನೆಟ್ ಇರುತ್ತದೆ, ಅದರ ಬಿಳಿ ಪಟ್ಟಿ ಇರುತ್ತದೆ, ಇಬ್ಬರು ಆಟಗಾರರು ಇರುತ್ತಾರೆ. ಅಷ್ಟು ದೂರದಿಂದ 'ಅದು ಒಳಗೇ ಬಿತ್ತು' ಅಂತ ಆಣೆ ಮಾಡುವವರಿಗೆ ಕಂಡಿರುವುದು ಬಹಳ ಸಲ ಕಾಕ್ ಅಲ್ಲ, ತಮ್ಮ ಆಸೆ.

ಆದರೆ ಹತ್ತಿರ ಇದ್ದವರಿಗೆ ಕಂಡದ್ದೆಲ್ಲ ಸರಿ ಎಂದೂ ಅಲ್ಲ. ಮೇಷ್ಟ್ರು ಗೆರೆ ಹತ್ತಿರದ್ದನ್ನೆಲ್ಲ ಔಟ್ ಅನ್ನುತ್ತಾರೆ ಎಂದು ಬರೆದಿದ್ದೀರಿ. ಮೋಸ ಎಂಬ ಮಾತು ನೀವು ಬರೆದಿಲ್ಲ, ಒಳ್ಳೆಯದಾಯಿತು. ಅವರು ಪ್ರಾಮಾಣಿಕರಾಗಿಯೇ ತಪ್ಪು ನೋಡುತ್ತಿರಬಹುದು. ಹಿಂದಿನ ಗೆರೆಯ ಹತ್ತಿರ ಎತ್ತರದ ಕಾಕ್ ಬೀಳುವಾಗ ಆಟಗಾರ ಕತ್ತೆತ್ತಿ ಮೇಲೆ ನೋಡುತ್ತಿರುತ್ತಾನೆ. ಬಿಡಬೇಕು ಎಂದು ಕೊನೇ ಗಳಿಗೆಯಲ್ಲಿ ನಿರ್ಧರಿಸಿ ತಿರುಗುತ್ತಾನೆ. ಅಷ್ಟರಲ್ಲಿ ಕಾಕ್ ಬಿದ್ದು ಒಂದು ಸಲ ಪುಟಿದು ಪಕ್ಕಕ್ಕೆ ಸರಿದಿರುತ್ತದೆ. ನೈಲಾನ್ ಕಾಕ್ ಇನ್ನೂ ಜಾಸ್ತಿ ಜಾರುತ್ತದೆ. ಅವನ ಕಣ್ಣಿಗೆ ಬೀಳುವುದು ಗೆರೆಯ ಆಚೆ ಮಲಗಿರುವ ಕಾಕ್. 'ನೋಡಿ, ಔಟ್ ಇದೆ' ಅನ್ನುತ್ತಾನೆ. ಕಾಕ್ ಎಲ್ಲಿ ನಿಂತಿತು ಎನ್ನುವುದಕ್ಕೆ ಬೆಲೆಯೇ ಇಲ್ಲ. ಕಾರ್ಕ್ ಮೊದಲು ಎಲ್ಲಿ ನೆಲ ಮುಟ್ಟಿತು ಎನ್ನುವುದೊಂದೇ ಲೆಕ್ಕ.

ಗೆರೆಯೂ ಕೋರ್ಟಿನ ಭಾಗವೇ. ಗೆರೆಯ ಅಗಲ 40 ಮಿಲಿಮೀಟರ್. ಕಾರ್ಕಿನ ಅಗಲ 25ರಿಂದ 28 ಮಿಲಿಮೀಟರ್. ಕಾರ್ಕಿನ ಬುಡ ಗುಂಡಗೆ ಇರುವುದರಿಂದ ನೆಲಕ್ಕೆ ತಾಗುವುದು ಅದರ ಸ್ವಲ್ಪ ಭಾಗ ಮಾತ್ರ. ಆ ಸ್ವಲ್ಪ ಭಾಗ ಗೆರೆಯ ಹೊರ ಅಂಚನ್ನು ಸವರಿದರೂ ಕಾಕ್ ಇನ್. ಕಾಕ್‌ನ ಮುಕ್ಕಾಲು ಭಾಗ ಆಚೆ ಇದ್ದ ಹಾಗೆ ಕಾಣಬಹುದು, ಆದರೂ ಇನ್.

ಒಂದು ಬೇಸಿಗೆ ಶಿಬಿರದಲ್ಲಿ ಇದನ್ನು ಮಕ್ಕಳಿಗೆ ಮಾಡಿ ತೋರಿಸಿದ್ದೆ. ಹಳೇ ಕಾಕ್‌ಗಳ ಬುಡಕ್ಕೆ ನೀಲಿ ಚಾಕ್‌ಪುಡಿ ಒತ್ತಿದೆವು. ಒಬ್ಬ ಹುಡುಗ ಈ ಕಡೆಯಿಂದ ಹಿಂದಿನ ಗೆರೆಗೆ ಎತ್ತಿ ಎತ್ತಿ ಹೊಡೆದ. ಒಬ್ಬಳು ಹುಡುಗಿ ಆಟಗಾರ್ತಿ ನಿಲ್ಲುವ ಜಾಗದಲ್ಲಿ ನಿಂತಳು. ಇನ್ನೊಬ್ಬ ಗೆರೆಯ ತುದಿಯಲ್ಲಿ, ಗೆರೆಯ ನೇರಕ್ಕೇ ಕಣ್ಣಿಟ್ಟು ಕುಕ್ಕರುಗಾಲಲ್ಲಿ ಕೂತ. ಪ್ರತಿ ಸಲ ಇಬ್ಬರೂ ಒಟ್ಟಿಗೆ ಕೂಗಬೇಕು. ಒಂದು ಕಾಕ್‌ಗೆ ಆ ಹುಡುಗಿ ಜೋರಾಗಿ 'ಔಟ್' ಅಂದಳು, ಕೂತವನು 'ಇನ್' ಅಂದ. ಎಲ್ಲರೂ ಬಗ್ಗಿ ನೋಡಿದೆವು. ಬಿಳಿ ಗೆರೆಯ ಹೊರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ನೀಲಿ ಚುಕ್ಕೆ. ಕಾಕ್ ಮಾತ್ರ ಅಲ್ಲಿಂದ ಒಂದು ಗೇಣು ಆಚೆ ಬಿದ್ದಿತ್ತು. ಆ ಹುಡುಗಿ ತುಂಬ ಹೊತ್ತು ಆ ಚುಕ್ಕೆಯನ್ನೇ ನೋಡುತ್ತಾ ನಿಂತಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ಹಾಗೇ ಕಂಡಿತ್ತು. ನಿಮ್ಮ ಗುಂಪೂ ಒಂದು ಭಾನುವಾರ ಹತ್ತು ನಿಮಿಷ ಹೀಗೆ ಮಾಡಿ ನೋಡಲಿ. ಎಂಟೂ ಜನ ಸರದಿಯಲ್ಲಿ ನಿಲ್ಲಿ. ಯಾರನ್ನೂ ಬೆರಳು ಮಾಡಿ ತೋರಿಸಬೇಕಾಗಿಲ್ಲ. ಪುಡಿ ಬಿದ್ದ ಜಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದಮೇಲೆ ಆಡಿ. ಇಲ್ಲದಿದ್ದರೆ ಮ್ಯಾಟ್ ಜಾರುತ್ತದೆ.

ಅನುಮಾನ ಬಂದಾಗ ಏನು ಮಾಡಬೇಕು? 'ಡೌಟ್ ಇದ್ದರೆ ಲೆಟ್' ಅಂತ ಬಹಳ ಕಡೆ ಹೇಳುತ್ತಾರೆ. ನನಗೆ ಇದು ಪೂರ್ತಿ ಒಪ್ಪಿಗೆ ಇಲ್ಲ. ಅನುಮಾನದಲ್ಲಿ ಎರಡು ಬಗೆ ಇದೆ. 'ನೋಡಲೇ ಇಲ್ಲ' ಎನ್ನುವುದು ಒಂದು. 'ನೋಡಿದೆ, ಆದರೆ ತಾಗಿತೋ ಇಲ್ಲವೋ ಗೊತ್ತಾಗಲಿಲ್ಲ' ಎನ್ನುವುದು ಇನ್ನೊಂದು.

ನೋಡಿಯೂ ಗೊತ್ತಾಗದಿದ್ದರೆ ಅದು ಇನ್. ಪಾಯಿಂಟ್ ಎದುರಿನವರದು. ಹೇಳುವ ಅಧಿಕಾರ ನಿಮ್ಮ ಕೈಯಲ್ಲಿದೆ, ಹಾಗಾಗಿ ಅನುಮಾನದ ಲಾಭ ಅವರಿಗೆ ಹೋಗಬೇಕು. ಅಧಿಕಾರವೂ ನಮಗೇ, ಅನುಮಾನವೂ ನಮಗೇ ಅಂದರೆ ಎದುರಿನವರಿಗೆ ಉಳಿಯುವುದೇನು? ಅನುಮಾನ ಬಂದಾಗಲೆಲ್ಲ ಲೆಟ್ ಅನ್ನುವುದು ಮೇಲ್ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ, ಆದರೆ ಗೆರೆಗೆ ತಾಗಿಸಿ ಅಷ್ಟು ಚೆನ್ನಾಗಿ ಹೊಡೆದವರ ಪಾಯಿಂಟ್ ಅದರಲ್ಲಿ ಕರಗಿಹೋಗುತ್ತದೆ. ಗೆರೆಗೆ ಆಡುವ ಧೈರ್ಯ ಇರುವವರಿಗೇ ನಷ್ಟ.

ನೋಡಲೇ ಇಲ್ಲದಿದ್ದರೆ, ಮೊದಲು ಪಾರ್ಟ್ನರನ್ನು ಕೇಳಿ. ಅವರೂ ನೋಡಿಲ್ಲವೇ, ಎದುರಿನವರನ್ನು ಕೇಳಿ. ಅವರು ಸ್ಪಷ್ಟವಾಗಿ ನೋಡಿದ್ದರೆ ಅವರ ಮಾತು ಒಪ್ಪಿಕೊಳ್ಳಿ, ಅದು ನಿಮಗೆ ವಿರುದ್ಧವಾಗಿದ್ದರೂ. ಕೇಳಿದಮೇಲೆ ಒಪ್ಪದೇ ಇರುವುದು ಚೆನ್ನಾಗಿರುವುದಿಲ್ಲ. ನಾಲ್ವರಲ್ಲಿ ಯಾರೂ ನೋಡಿಲ್ಲ ಎಂದಾದರೆ ಆಗ ಲೆಟ್. ದೊಡ್ಡ ಪಂದ್ಯದಲ್ಲೂ ಲೈನ್ ಜಡ್ಜ್‌ಗೆ ಕಾಣಿಸದೆ, ಅಂಪೈರ್‌ಗೂ ಹೇಳಲು ಆಗದಿದ್ದರೆ ಲೆಟ್ ಎಂದೇ ನಿಯಮ. ಪಾರ್ಟ್ನರ್‌ಗಳಲ್ಲಿ ಒಬ್ಬರು ಇನ್, ಒಬ್ಬರು ಔಟ್ ಅಂದರೆ ಅದೂ ಅನುಮಾನವೇ. ಪಾಯಿಂಟ್ ಬಿಟ್ಟುಕೊಡಿ.

ಮತ್ತೆ, ಹೇಳುವುದನ್ನು ತಕ್ಷಣ ಹೇಳಿ. ಕಾಕ್ ಬಿದ್ದ ಕೂಡಲೇ ಜೋರಾಗಿ ಒಂದೇ ಮಾತು. ಬಗ್ಗಿ ನೋಡಿ, ಪಾರ್ಟ್ನರ್ ಮುಖ ನೋಡಿ, ಸ್ಕೋರ್ ನೆನಪು ಮಾಡಿಕೊಂಡು ಆಮೇಲೆ ಬರುವ 'ಔಟ್' ನನ್ನ ಲೆಕ್ಕದಲ್ಲಿ ಇನ್.

ಎದುರಿನವರು ಒಂದು ಸಲ ಕೇಳಬಹುದು, "ಸರಿಯಾಗಿ ನೋಡಿದ್ರಾ?" ಅಂತ. ಒಂದೇ ಸಲ. "ನೋಡಿದೆ, ಇಷ್ಟು ಆಚೆ" ಅಂದರೆ ಅಲ್ಲಿಗೆ ಮುಗಿಯಿತು, ಕಾಕ್ ಎತ್ತಿಕೊಡಿ. ಕೇಳಿದಾಗ ಔಟ್ ಅಂದವರಿಗೇ ಗಟ್ಟಿಯಾಗಿ ಹೇಳಲು ಬರದಿದ್ದರೆ ಪಾಯಿಂಟ್ ಕೇಳಿದವರದು. ಎರಡನೇ ಸಲ ಕೇಳಿದರೆ ಅದು ಪ್ರಶ್ನೆಯಾಗಿ ಉಳಿಯುವುದಿಲ್ಲ, ಆರೋಪ ಆಗುತ್ತದೆ.

ನೀವು ಎಂಟು ಜನ, ಕೋರ್ಟ್ ಒಂದೇ. ಅಂದರೆ ಯಾವಾಗಲೂ ನಾಲ್ಕು ಜನ ಹೊರಗೆ ಕೂತಿರುತ್ತೀರಿ. ಅವರಲ್ಲಿ ಇಬ್ಬರು ಮೊಬೈಲ್ ಬದಿಗಿಟ್ಟು ಒಬ್ಬೊಬ್ಬರು ಒಂದೊಂದು ಹಿಂದಿನ ಗೆರೆಯ ನೇರಕ್ಕೆ ಕೂರಲಿ. ನಿಮ್ಮ ಅರ್ಧ ತಕರಾರು ಅಲ್ಲಿಗೇ ನಿಲ್ಲುತ್ತದೆ. ಒಬ್ಬರು ಸ್ಕೋರ್ ಹೇಳಲಿ. ಆದರೆ ಇದನ್ನು ಗೇಮ್ ಶುರುವಾಗುವ ಮುಂಚೆಯೇ ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಳ್ಳದೆ ಬೆಂಚಿನಿಂದ 'ಇನ್ ಇತ್ತು ಬಿಡ್ರಿ' ಅಂತ ಕೂಗುವುದು ತಪ್ಪು. ಕೇಳದೆ ಬಂದ ಸಾಕ್ಷಿ ಜಗಳ ಹೆಚ್ಚಿಸುತ್ತದೆ ಅಷ್ಟೇ.

ಸ್ಕೋರ್ ಮರೆಯುವುದು, ಜಾಗ ತಪ್ಪುವುದು ಇನ್ನೊಂದು ಗಲಾಟೆ. ಸರ್ವ್ ಮಾಡುವವರು ಪ್ರತಿ ಸಲ ಸ್ಕೋರ್ ಕೂಗಿಯೇ ಸರ್ವ್ ಮಾಡಲಿ, ತಮ್ಮದು ಮೊದಲು, ಎದುರಿನವರದು ಆಮೇಲೆ. ತಕರಾರು ಇದ್ದರೆ ಮುಂದಿನ ಸರ್ವ್ ಆಗುವ ಮೊದಲೇ ಹೇಳಬೇಕು. ಅಂಪೈರ್ ಇದ್ದಾಗಲೂ ಅಷ್ಟೇ, ಅಲ್ಲಿಯವರೆಗೆ ಬಂದ ದೂರನ್ನು ಮಾತ್ರ ಅವರು ಕೇಳುತ್ತಾರೆ. ಸರ್ವ್ ಆದಮೇಲೆ ಹಿಂದಿನದ್ದನ್ನು ಕೆದಕಬಾರದು. ಸ್ಕೋರ್ ಪೂರ್ತಿ ಕಲಸಿಹೋಗಿದ್ದರೆ ನಾಲ್ವರೂ ಒಪ್ಪುವ ಕೊನೆಯ ಸ್ಕೋರ್‌ಗೆ ಹಿಂದೆ ಹೋಗಿ ಅಲ್ಲಿಂದ ಆಡಿ. ಎಡ ಬಲ ತಪ್ಪಿ ಸರ್ವ್ ಮಾಡಿದ್ದು ಆಮೇಲೆ ಗೊತ್ತಾದರೆ ಜಾಗ ಸರಿ ಮಾಡಿಕೊಳ್ಳಿ, ಬಂದ ಪಾಯಿಂಟ್ ಹಾಗೇ ಇರುತ್ತದೆ. ಅದನ್ನು ಮತ್ತೆ ಆಡಬೇಕಾಗಿಲ್ಲ. ಡಬಲ್ಸ್ ಸರ್ವ್ ಹಿಂದಿನ ಎರಡು ಗೆರೆಗಳಲ್ಲಿ ಒಳಗಿನದ್ದನ್ನು ದಾಟಿದರೆ ಔಟ್ ಎನ್ನುವುದನ್ನೂ ಒಮ್ಮೆ ಎಲ್ಲರಿಗೂ ನೆನಪಿಸಿ. ಸರ್ವ್ ಎತ್ತರದ ಬಗ್ಗೆ ಮಾತ್ರ ದಯವಿಟ್ಟು ಪಾಯಿಂಟ್ ನಡುವೆ ಜಗಳ ಬೇಡ. ಸರ್ವ್ ಹೊಡೆಯುವಾಗ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು ಎಂದು ಅಂತರರಾಷ್ಟ್ರೀಯ ನಿಯಮ ಬಂದಿರುವುದು ನಿಜ. ನಿಮ್ಮ ಹತ್ತಿರ ಅಳೆಯುವ ಕೋಲಿಲ್ಲ. ಗೇಮ್ ಮುಗಿದಮೇಲೆ ಹೇಳಿ.

ಚಾವಣಿಗೆ ಕಾಕ್ ತಾಗಿದರೆ ನಿಯಮದ ಪ್ರಕಾರ ಫಾಲ್ಟ್. ಆದರೆ ಕಟ್ಟಡ ಹಾಗಿದ್ದರೆ ಆ ಜಾಗಕ್ಕೆ ತಕ್ಕ ನಿಯಮ ಮಾಡಿಕೊಳ್ಳಲು ಅವಕಾಶ ಇದೆ. ನಮ್ಮಲ್ಲಿ ಈ ಆಟ ಬೆಳೆದದ್ದೇ ಅಂಥ ಜಾಗಗಳಲ್ಲಿ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಟೂರ್ನಮೆಂಟ್ ಗೆದ್ದ ಪ್ರಕಾಶ್ ಪಡುಕೋಣೆ ಅವರು ಆಟ ಕಲಿತದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ. ಮದುವೆ ಇದ್ದ ದಿನ ಆಟ ಇಲ್ಲ. ನಿಮ್ಮ ಶೆಡ್ಡಿನಲ್ಲೂ ಕೆಳಗೆ ಇಳಿದಿರುವ ಕಂಬಿಯೋ ಲೈಟೋ ಇದ್ದರೆ ಅದಕ್ಕೆ ತಾಗಿದರೆ ಏನು ಎಂದು ಇವತ್ತೇ ತೀರ್ಮಾನ ಮಾಡಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ತಾಗಿದಮೇಲೆ ತೀರ್ಮಾನ ಮಾಡಲು ಹೋದರೆ ಅದು ತೀರ್ಮಾನ ಆಗುವುದಿಲ್ಲ.

ಕೊನೆಗೆ, ಯಾರಿಗೂ ಕಾಣದ ತಪ್ಪುಗಳು. ಕಾಕ್ ಕೂದಲನ್ನು ಸವರಿ ಹೋಯಿತು. ಅಂಗಿಯ ತೋಳಿಗೆ ತಾಗಿತು. ಹೊರಗೆ ಹೋಗುತ್ತಿದ್ದ ಕಾಕ್‌ಗೆ ರ್‍ಯಾಕೆಟ್ ತುದಿ ತಗುಲಿತು. ಆಟ ನಡೆಯುತ್ತಿರುವಾಗಲೇ ರ್‍ಯಾಕೆಟ್ ನೆಟ್‌ಗೆ ತಾಗಿತು. ಇದು ಗೊತ್ತಾಗುವುದು ಆ ಆಟಗಾರರಿಗೆ ಮಾತ್ರ. ಒಮ್ಮೆ ಒಂದು ಕ್ಲಬ್ ಟೂರ್ನಮೆಂಟಿನಲ್ಲಿ ನಾನು ಅಂಪೈರ್. ಅರವತ್ತು ದಾಟಿದವರ ಡಬಲ್ಸ್. ಸ್ಮ್ಯಾಶ್ ಒಂದು ಹಿರಿಯರೊಬ್ಬರ ಭುಜದ ಪಕ್ಕದಲ್ಲೇ ಹಾದು ಗೆರೆಯಿಂದ ಒಂದಡಿ ಆಚೆ ಹೋಗುತ್ತಿತ್ತು. ನನಗೆ ಏನೂ ಕಾಣಿಸಲಿಲ್ಲ. ಕಾಕ್ ಇನ್ನೂ ನೆಲ ಮುಟ್ಟಿರಲಿಲ್ಲ, ಅಷ್ಟರಲ್ಲೇ ಅವರು ರ್‍ಯಾಕೆಟನ್ನು ಕಂಕುಳಿಗೆ ಸಿಕ್ಕಿಸಿ ಎಡಗೈ ಎತ್ತಿಯಾಗಿತ್ತು. ಬಲಗೈಯಲ್ಲಿ ಅಂಗಿಯ ತೋಳು ಹಿಡಿದು ತೋರಿಸಿದರು. ಒಂದು ಮಾತೂ ಆಡಲಿಲ್ಲ. ಎದುರಿನವರು ಸುಮ್ನೆ ತಲೆಯಾಡಿಸಿ ಸರ್ವ್ ಜಾಗಕ್ಕೆ ಹೋದರು. ಆ ಪಂದ್ಯ ಮುಗಿಯುವವರೆಗೆ ಯಾರೂ ಒಂದು ಗೆರೆಯನ್ನೂ ಪ್ರಶ್ನಿಸಲಿಲ್ಲ.

ನೆಟ್ ವಿಷಯದಲ್ಲಿ ಒಂದು ಸಣ್ಣ ಮಾತು. ಕಾಕ್ ನೆಲಕ್ಕೆ ಬಿದ್ದಾದಮೇಲೆ ರ್‍ಯಾಕೆಟ್ ನೆಟ್‌ಗೆ ತಾಗಿದರೆ ಅದು ಫಾಲ್ಟ್ ಅಲ್ಲ, ಪಾಯಿಂಟ್ ಆಗಲೇ ಮುಗಿದಿರುತ್ತದೆ.

ಈಗ ಮೇಷ್ಟ್ರಿಗೆ ಫೋನ್ ಮಾಡಿ. ವಾಟ್ಸಾಪ್ ಗುಂಪಿನಲ್ಲಿ ಬರೆಯಬೇಡಿ, ಫೋನೇ ಮಾಡಿ. "ಮೇಷ್ಟ್ರೇ, ಆವತ್ತಿನ ಪಾಯಿಂಟ್ ನಿಮ್ಮದೇ, ನಾನು ಲೆಟ್ ಹೇಳಿದ್ದು ತಡವಾಯಿತು" ಎಂದಷ್ಟೇ ಹೇಳಿ. 'ಆದರೆ ನೀವೂ ಗೆರೆ ವಿಷಯದಲ್ಲಿ' ಎಂದು ಬಾಲ ಸೇರಿಸಬೇಡಿ. ಗೆರೆಯ ಮಾತು ಎಂಟೂ ಜನ ಸೇರಿದಾಗ, ಎಲ್ಲರಿಗೂ ಒಂದೇ ನಿಯಮ ಎಂದು ಬರಲಿ. ಚಾಕ್‌ಪುಡಿ ತಂದ ದಿನ ಬರಲಿ.

ಮತ್ತೆ ಅದೇ ನಾಲ್ಕು ಜನ ನಿಂತು ಆ ಗೇಮ್ ಮುಗಿಸಿ. ಸ್ಕೋರ್ 20-19. ಸರ್ವ್ ಅವರ ಕಡೆಯದು, ಬಲಗಡೆಯಿಂದ.